ಬಂಧುಗಳ ಮನೆಯ ತಬ್ಬಲಿ

ಎಳೆಯ ವಯಸ್ಸಿನಲ್ಲಿ ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೂ ಒಟ್ಟಿಗೋ ಕಳೆದುಕೊಂಡ ಮಗುವಿನ ವಿಷಯವಾಗಿ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದ ಅಭಿಪ್ರಾಯವೊಂದುಂಟು. ಉತ್ತರಕ್ರಿಯೆಗಳು ಮುಗಿದು, ವೈಕುಂಠ ಸಮಾರಾಧನೆಯ ಎಲೆಗಳನ್ನೆತ್ತಿ, ಪರಸ್ಥಳದವರು ತಮ್ಮ ತಮ್ಮ ಬಸ್ಸುಗಳ ವೇಳೆಯನ್ನು ವಿಚಾರಿಸತೊಡಗುವ ಹೊತ್ತಿಗೆ, ಮನೆಯ ಹಿರಿಯರಲ್ಲೊಬ್ಬರು ಅದನ್ನು ನುಡಿದೇ ತೀರುತ್ತಾರೆ: "ನಾವೆಲ್ಲ ಇರುವಾಗ ಇವನು ಅನಾಥ ಹೇಗಾದಾನು?" ನೆರೆದವರ ಕಣ್ಣು ತೇವಗೊಳ್ಳುತ್ತದೆ, ಚಿಕ್ಕಪ್ಪನೋ ಸೋದರಮಾವನೋ ಮುಂದೆ ಬಂದು ಮಗುವಿನ ತಲೆ ಸವರುತ್ತಾನೆ, ಅದರ ಬಟ್ಟೆಬರೆಗಳು ಒಂದು ಚೀಲವನ್ನು ಸೇರುತ್ತವೆ, ವಿಷಯ ಅಲ್ಲಿಗೆ ಇತ್ಯರ್ಥವಾಯಿತೆಂದು ಸರ್ವರೂ ಭಾವಿಸುತ್ತಾರೆ. ಆ ಸಂದರ್ಭದಲ್ಲಿ ದತ್ತಕದ ಮಾತನ್ನಾಗಲಿ ಕಾಗದಪತ್ರದ ಮಾತನ್ನಾಗಲಿ ಎತ್ತಿದವನು ಹೃದಯಹೀನನೆಂದೋ, ಸತ್ತವನ ಆಸ್ತಿಯ ಮೇಲೆ ಕಣ್ಣಿಟ್ಟವನೆಂದೋ, ಕಡೆಯಪಕ್ಷ ನಾಲ್ಕಕ್ಷರ ಕಲಿತು ಕೆಟ್ಟವನೆಂದೋ ಅನ್ನಿಸಿಕೊಳ್ಳುವುದು ನಿಶ್ಚಯ. ರಕ್ತಸಂಬಂಧವಿದ್ದಲ್ಲಿ ಬರವಣಿಗೆ ಏತಕ್ಕೆ, ಅಣ್ಣನ ಮಗ ಸ್ವಂತ ಮಗನಲ್ಲವೆ, ದತ್ತು ತೆಗೆದುಕೊಳ್ಳುವುದು ಪರರ ಮಕ್ಕಳನ್ನು ತಾನೆ ಎಂಬುದು ಆ ಅಭಿಪ್ರಾಯದ ಸಾರ. ಕೇಳುವುದಕ್ಕೆ ಪರಮೋದಾರವಾದ ಈ ಮಾತು ಮಗುವಿನ ಪಾಲಿಗೆ ಪರಮಕೃಪಣವಾದುದೆಂದೂ, ಬಂಧುತ್ವದ ಹೆಸರಿನಲ್ಲಿ ಅದು ಕೊಡುವುದಕ್ಕಿಂತ ಕೊಡದೆ ಉಳಿಸಿಕೊಳ್ಳುವುದೇ ಅಧಿಕವೆಂದೂ ನನ್ನ ವಾದ.

ಅಣ್ಣನ ಮಗ ಸ್ವಂತ ಮಗನೇ ಎಂಬುದಕ್ಕೆ ಶಾಸ್ತ್ರಾಧಾರವನ್ನೂ ಕೊಡುವವರಿದ್ದಾರೆ. ಒಬ್ಬ ತಂದೆಗೆ ಹುಟ್ಟಿದ ಸೋದರರಲ್ಲಿ ಒಬ್ಬನಿಗೆ ಮಗನಿದ್ದರೂ ಅವನಿಂದಲೇ ಎಲ್ಲರೂ ಪುತ್ರವಂತರೆನ್ನಿಸುವರೆಂಬ ಅರ್ಥದ ಶ್ಲೋಕವೊಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಇರುವುದು ನಿಜ. ಆದರೆ ಆ ಶ್ಲೋಕವನ್ನು ಹೇಗೆ ಓದತಕ್ಕದ್ದೆಂಬುದನ್ನು ತೀರ್ಮಾನಿಸಿದವನು ನಮ್ಮ ನಾಡಿನವನೇ ಎಂಬುದನ್ನು ಇವರು ಮರೆತಂತೆ ತೋರುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದು ಬಸವಕಲ್ಯಾಣವೆಂದು ಕರೆಯಲ್ಪಡುವ ಕಲ್ಯಾಣಪಟ್ಟಣದಲ್ಲಿದ್ದುಕೊಂಡು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿ, ಭಾರತದ ಬಹುಭಾಗದ ದಾಯಕ್ರಮಕ್ಕೆ ಶತಮಾನಗಳ ಕಾಲ ಪ್ರಮಾಣಪುರುಷನಾಗಿ ನಿಂತ ವಿಜ್ಞಾನೇಶ್ವರನು ಇದೇ ಶ್ಲೋಕವನ್ನೆತ್ತಿಕೊಂಡು, ಇದು ಸೋದರನ ಮಗನನ್ನು ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಮಗನೆಂದು ಸಾರುವ ವಚನವಲ್ಲವೆಂದೂ, ಸೋದರನ ಮಗನು ದತ್ತಕಕ್ಕೆ ದೊರೆಯುವಂತಿರುವಾಗ ಅವನನ್ನು ಬಿಟ್ಟು ಅನ್ಯರನ್ನು ಸ್ವೀಕರಿಸಕೂಡದೆಂಬುದಷ್ಟೇ ಇದರ ತಾತ್ಪರ್ಯವೆಂದೂ ನಿರ್ಣಯಿಸಿದನು. ಹಾಗಲ್ಲವಾದರೆ ದಾಯಾದಿಗಳ ಪಂಕ್ತಿಯಲ್ಲಿ ಸೋದರರನ್ನೂ ಅವರ ತರುವಾಯ ಅವರ ಮಕ್ಕಳನ್ನೂ ಸ್ಮೃತಿಕಾರನು ಪ್ರತ್ಯೇಕವಾಗಿ ಎಣಿಸಿದುದು ಅಸಂಗತವಾಗುವುದೆಂಬುದು ಅವನ ಯುಕ್ತಿ. ಎಂದರೆ, ಬಂಧುತ್ವವು ದತ್ತಕಕ್ಕೆ ಹೇತುವಾಗಬಲ್ಲದೇ ಹೊರತು ದತ್ತಕದ ಸ್ಥಾನದಲ್ಲಿ ತಾನೇ ನಿಲ್ಲಲಾರದೆಂಬುದು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನೆಲದಲ್ಲಿ ಇತ್ಯರ್ಥವಾಗಿದ್ದ ಸಂಗತಿ. ಹತ್ತಿರದವನೆಂಬ ಕಾರಣಕ್ಕಾಗಿ ದತ್ತು ಬೇಡವೆನ್ನುವವರು, ಹತ್ತಿರದವನೆಂಬ ಕಾರಣಕ್ಕಾಗಿಯೇ ಅವನನ್ನು ಮೊದಲು ದತ್ತು ತೆಗೆದುಕೊಳ್ಳಬೇಕೆಂದ ಆಚಾರ್ಯನ ಮಾತನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ವಿಜ್ಞಾನೇಶ್ವರನು ಹಳಬನಾದನೆನ್ನುವವರು ಈಗಿನ ಶಾಸನವನ್ನಾದರೂ ಓದಲಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಕಲಮು ಮನುಷ್ಯನ ಮೇಲೆ ತನ್ನ ಮಕ್ಕಳನ್ನೂ ವೃದ್ಧರಾದ ಮಾತಾಪಿತೃಗಳನ್ನೂ ಪೋಷಿಸುವ ಹೊಣೆಯನ್ನು ಹೊರಿಸುತ್ತದೆ. ಅಲ್ಲಿ ತಮ್ಮನ ಮಗನಾಗಲಿ ತಂಗಿಯ ಮಗಳಾಗಲಿ ಇಲ್ಲ. ಹತ್ತು ವರ್ಷ ಅನ್ನವಿಟ್ಟ ಚಿಕ್ಕಪ್ಪನು ಹನ್ನೊಂದನೆಯ ವರ್ಷದ ಬೆಳಗಿನಲ್ಲಿ ಎದ್ದು, "ಇನ್ನು ನಿನ್ನ ದಾರಿ ನಿನಗೆ" ಎಂದರೆ, ಆ ಮಗುವಿಗೆ ಜೀವನಾಂಶವನ್ನು ಕೇಳುವ ಅಧಿಕಾರವಿಲ್ಲ. ಆ ಚಿಕ್ಕಪ್ಪನು ಉಯಿಲು ಬರೆಯದೆ ತೀರಿಕೊಂಡರೆ, ಅವನಿಗೆ ಹೆಂಡತಿಯೋ ಮಗನೋ ಮಗಳೋ ಇರುವವರೆಗೆ ಈ ಮಗುವಿನ ಪಾಲು ಶೂನ್ಯ. ಅದೇ ವರ್ಷದ ಉತ್ತರಾಧಿಕಾರ ಅಧಿನಿಯಮವು ಸೋದರನ ಮಗನನ್ನು ಎರಡನೆಯ ವರ್ಗದಲ್ಲಿಟ್ಟಿದೆ, ಅದೂ ಆ ವರ್ಗದ ಮುಂಚೂಣಿಯಲ್ಲಲ್ಲ. ಸರ್ಕಾರಿ ನೌಕರನ ಕುಟುಂಬ ಪಿಂಚಣಿ ವಿಧಿವತ್ತಾಗಿ ದತ್ತು ಪಡೆದ ಮಗುವಿಗೆ ಸಲ್ಲುತ್ತದೆ. ಬರಿಯ ಪ್ರೀತಿಯಿಂದ ಸಾಕಿದ ಮಗುವಿಗೆ ಸಲ್ಲುವುದಿಲ್ಲ. ಶಾಲೆಯ ದಾಖಲಾತಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ, ಪಾಸ್‌ಪೋರ್ಟಿನ ಅರ್ಜಿ ಮೊದಲಾದೆಡೆಗಳಲ್ಲಿ, "ನೀವು ಇವನಿಗೆ ಏನಾಗಬೇಕು?" ಎಂಬ ಪ್ರಶ್ನೆ ಎದ್ದಾಗಲೆಲ್ಲ ಆ ಮನೆಯವರು ತಡವರಿಸುವುದನ್ನು ಮಗು ಪಕ್ಕದಲ್ಲಿ ನಿಂತು ನೋಡುತ್ತದೆ.

ಇದಿಷ್ಟೇ ಆಗಿದ್ದರೆ ಶಾಸನದ ಉದಾಸೀನವೆಂದು ಸುಮ್ಮನಿರಬಹುದಾಗಿತ್ತು. ಆದರೆ ಬಾಲಕಾರ್ಮಿಕ ಶಾಸನಕ್ಕೆ 2016ರಲ್ಲಿ ಬಂದ ತಿದ್ದುಪಡಿಯು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತಲೇ, ಶಾಲೆಯ ಹೊತ್ತನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ಅಪಾಯಕರವಲ್ಲದ ಕೆಲಸದಲ್ಲಿ ಕುಟುಂಬಕ್ಕೆ ನೆರವಾಗಲು ಅವಕಾಶವನ್ನಿತ್ತಿತು. ಇತ್ತು, 'ಕುಟುಂಬ'ವೆಂದರೆ ಯಾರೆಂಬುದನ್ನು ವಿವರಿಸುವಾಗ ತಂದೆತಾಯಿ ಒಡಹುಟ್ಟಿದವರ ಜೊತೆಗೆ ತಂದೆಯ ಸೋದರ ಸೋದರಿಯರನ್ನೂ ತಾಯಿಯ ಸೋದರ ಸೋದರಿಯರನ್ನೂ ಸೇರಿಸಿತು. ಹೀಗಾಗಿ ಚಿಕ್ಕಪ್ಪನ ಅಂಗಡಿಯಲ್ಲಿ ಸಂಜೆ ಪೊಟ್ಟಣ ಕಟ್ಟುವುದಕ್ಕೆ, ಸೋದರತ್ತೆಯ ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೆ ಈ ಮಗು ಕುಟುಂಬದ ಸದಸ್ಯ. ಜೀವನಾಂಶಕ್ಕೆ, ಪಿಂಚಣಿಗೆ, ಪಾಲಿಗೆ ಬಂದಾಗ ಹೊರಗಿನವನು. ಕೈಗಳನ್ನು ಒಳಕ್ಕೆ ಕರೆದು ಹೊಟ್ಟೆಯನ್ನು ಹೊರಗೆ ನಿಲ್ಲಿಸುವ ಈ ಏರ್ಪಾಟನ್ನು ಶಾಸನಕರ್ತರು ಬುದ್ಧಿಪೂರ್ವಕವಾಗಿ ಮಾಡಿದರೆಂದು ನಾನು ಹೇಳಲಾರೆ. ನಮ್ಮ ಮನೆಗಳಲ್ಲಿ ಮೊದಲೇ ನಡೆದಿದ್ದುದನ್ನು ಅವರು ಅಕ್ಷರಕ್ಕಿಳಿಸಿದರೆಂದು ಮಾತ್ರ ಹೇಳಬಲ್ಲೆ.

ಬಂಧುಗಳು ಸಾಲದೆ ಬಂದುದರಿಂದ ಮಗುವಿಗೆ ಕೇಡಾಯಿತೆಂಬ ಕಥೆ ನಮ್ಮ ಪುರಾಣೇತಿಹಾಸಗಳಲ್ಲಿ ವಿರಳ. ಬಂಧುಗಳು ತುಂಬಿದ್ದೂ ಕೇಡಾದ ಕಥೆ ಮಾತ್ರ ನಮ್ಮ ಅತಿದೊಡ್ಡ ಕಾವ್ಯದ ಬೀಜವೇ ಆಗಿದೆ. ಪಾಂಡುವು ಕಾಡಿನಲ್ಲಿ ಮಡಿದ ಬಳಿಕ ಅವನ ಐವರು ಬಾಲಕರು ಹಸ್ತಿನಾವತಿಯ ದೊಡ್ಡಪ್ಪನ ಮನೆಯನ್ನು ಸೇರಿದರು. ಅಲ್ಲಿ ಯಾವುದಕ್ಕೆ ಕೊರತೆಯಿತ್ತು? ಪಿತಾಮಹನಾದ ಭೀಷ್ಮನಿದ್ದನು, ಧರ್ಮವನ್ನರಿತ ಚಿಕ್ಕಪ್ಪನಾದ ವಿದುರನಿದ್ದನು, ತಾಯಿಯಾದ ಕುಂತಿಯೇ ಜೊತೆಯಲ್ಲಿದ್ದಳು, ಸ್ವತಃ ಧೃತರಾಷ್ಟ್ರನೂ ತಮ್ಮನಿಗಾಗಿ ಕಣ್ಣೀರಿಟ್ಟವನೇ. ಸಭೆಯಲ್ಲಿ ಎಲ್ಲರೂ ಅವರನ್ನು ಪುತ್ರಸಮಾನರೆಂದರು. ಆ 'ಸಮಾನ'ದ ಒಳಗಿನ ಬಿರುಕಿನಿಂದಲೇ ವಿಷದ ಭಕ್ಷ್ಯ ಬಂದಿತು, ಅರಗಿನ ಮನೆ ಎದ್ದಿತು, ದ್ಯೂತದ ಹಾಸು ಹಾಸಲ್ಪಟ್ಟಿತು. ಅವರಿಗೆ ಆ ಮನೆಯಲ್ಲಿ ಏನು ಸಲ್ಲತಕ್ಕದ್ದೆಂಬುದನ್ನು ಬಂದ ದಿನವೇ ನಿಷ್ಕರ್ಷೆ ಮಾಡಿದ್ದರೆ ಕುರುಕ್ಷೇತ್ರವು ತಪ್ಪುತ್ತಿತ್ತೆಂದು ಹೇಳುವಷ್ಟು ಸರಳಬುದ್ಧಿಯವನು ನಾನಲ್ಲ. ಆದರೆ ವಾತ್ಸಲ್ಯವನ್ನೇ ವ್ಯವಸ್ಥೆಯೆಂದು ನಂಬಿದ ಹಿರಿಯರ ಸಭೆಯು ದ್ಯೂತದ ಸಂಕಟದಲ್ಲಿ ಕೈಕಟ್ಟಿ ಕುಳಿತೇ ಇದ್ದಿತೆಂಬುದು ವ್ಯಾಸರ ಸಾಕ್ಷ್ಯ. ಇನ್ನು, ಬಂಧುಗಳ ಮಾತಿನ ಮೇಲೆ ಭಾರ ಹಾಕುವವರು ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದ ಗೋವಿನ ಹಾಡನ್ನು ಮುಂದಿಡುತ್ತಾರೆ. ಹುಲಿಯ ಬಾಯಿಗೆ ಹೊರಟ ಪುಣ್ಯಕೋಟಿಯು ಕರುವನ್ನು ಒಡಹುಟ್ಟಿದವರಂತಿದ್ದ ಹಸುಗಳಿಗೆ ಒಪ್ಪಿಸಿತಲ್ಲ, ಅವು ಒಪ್ಪಿಕೊಂಡವಲ್ಲ ಎನ್ನುತ್ತಾರೆ. ಒಪ್ಪಿಕೊಂಡುವು, ನಿಜ. ಆದರೆ ಹುಲಿಯೇ ಪ್ರಾಣಬಿಟ್ಟುದರಿಂದ ತಾಯಿ ದೊಡ್ಡಿಗೆ ಹಿಂದಿರುಗಿತು. ಆ ಚಿಕ್ಕಮ್ಮ ದೊಡ್ಡಮ್ಮಂದಿರ ಮಾತು ಒಂದು ಹಗಲಿನಷ್ಟು ಕಾಲವೂ ಪರೀಕ್ಷೆಗೊಳಗಾಗಲಿಲ್ಲ.

ದತ್ತಕದ ಬರವಣಿಗೆಯು ಕನ್ನಡಿಗರಿಗೆ ಅಷ್ಟೊಂದು ಹೇಸಿಗೆಯ ವಸ್ತುವೆ? 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಮರಣಶಯ್ಯೆಯಲ್ಲಿ ಸ್ವೀಕರಿಸಿದ ದತ್ತುಪುತ್ರನನ್ನು ಕುಂಪಣಿಯ ಅಧಿಕಾರಿಯಾದ ಥ್ಯಾಕರೆಯು ಮಾನ್ಯಮಾಡದೆ ಹೋದುದಕ್ಕಾಗಿ ರಾಣಿ ಚೆನ್ನಮ್ಮ ಖಡ್ಗವೆತ್ತಿದುದನ್ನು ನಾವು ಪಾಠಪುಸ್ತಕಗಳಲ್ಲಿ ಓದಿಸುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಬಂಧುವರ್ಗದ ಅರಸು ಮನೆತನದಿಂದ ಎರಡು ವರ್ಷದ ಶಿಶುವನ್ನು 1865ರಲ್ಲಿ ದತ್ತು ತೆಗೆದುಕೊಂಡು, ಆ ದತ್ತಕವನ್ನು ಆಂಗ್ಲಪ್ರಭುತ್ವವು ಒಪ್ಪುವಂತೆ ಮಾಡಲು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಆ ಶಿಶುವೇ ಚಾಮರಾಜೇಂದ್ರ ಒಡೆಯರಾಗಿ ಬೆಳೆದು 1881ರಲ್ಲಿ ಮೈಸೂರಿನ ಅಧಿಕಾರವನ್ನು ಮರಳಿ ಪಡೆದರು. ಅಂದು ಯಾರೂ, "ಬಂಧುಗಳ ಮಗು ತಾನೆ, ವಿಧಿಯೇಕೆ, ಪತ್ರವೇಕೆ?" ಎನ್ನಲಿಲ್ಲ. ಅರಮನೆಗಳ ಮಾತಿರಲಿ, ಹಳ್ಳಿಯ ಜೋಡೀದಾರನೂ ಪಟೇಲನೂ ಸಂತಾನವಿಲ್ಲದಾಗ ತಮ್ಮನ ಮಗನನ್ನು ಹೋಮಧೂಮದ ನಡುವೆ ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ನಾಲ್ಕು ಊರಿನ ಸಾಕ್ಷಿಗಳ ರುಜು ಹಾಕಿಸಿ, ಪತ್ರವನ್ನು ರಿಜಿಸ್ಟರ್ ಮಾಡಿಸಿದವರೇ. ಮನೆಗೆ ಮಗು ಬೇಕಾದಾಗ ಇಷ್ಟೆಲ್ಲ ವಿಧಿ; ಮಗುವಿಗೆ ಮನೆ ಬೇಕಾದಾಗ ಒಂದು ಕಣ್ಣೀರು. ಬರವಣಿಗೆಯ ಬಗೆಗಿನ ತಿರಸ್ಕಾರವು ಆಸ್ತಿಯಿಲ್ಲದ ತಬ್ಬಲಿಯ ಎದುರಿಗೆ ಮಾತ್ರ ಹುಟ್ಟಿಕೊಳ್ಳುವುದಾದರೆ, ಅದಕ್ಕೆ ಔದಾರ್ಯವೆಂಬ ಹೆಸರು ಒಪ್ಪುವುದಿಲ್ಲ.

ಇಲ್ಲಿ ಪೂರ್ವಿಕರ ಪಕ್ಷವನ್ನೂ ನಾನು ವಹಿಸಲಾರೆ. ಪಿಂಡೋದಕಗಳ ಸಲುವಾಗಿ, ವಂಶದ ಹೆಸರಿನ ಸಲುವಾಗಿ ಕಟ್ಟಲ್ಪಟ್ಟ ಹಳೆಯ ದತ್ತಕವಿಧಿಯಲ್ಲಿ ಮಗುವಿನ ಅವಶ್ಯಕತೆಗೆ ಎಡೆಯೇ ಇರಲಿಲ್ಲ. ಕೊಡುವ ಅಧಿಕಾರವಿದ್ದುದು ತಂದೆತಾಯಿಗಳಿಗೆ ಮಾತ್ರ; ಅವರಿಬ್ಬರೂ ಗತಿಸಿದ ಮಗುವನ್ನು ಕೊಡುವವರಿಲ್ಲ; ಕೊಡುವವರಿಲ್ಲದಲ್ಲಿ ದಾನವಿಲ್ಲ; ದಾನವಿಲ್ಲದಲ್ಲಿ ದತ್ತಕವಿಲ್ಲ. ಯಾವ ಮಗುವಿಗೆ ಹೊಸ ತಂದೆತಾಯಿಗಳ ಅಗತ್ಯವು ಸರ್ವಾಧಿಕವೋ ಆ ಮಗುವೇ, ವಿಶೇಷ ರೂಢಿಯಿದ್ದ ಕಡೆಗಳನ್ನುಳಿದು, ದತ್ತಕಕ್ಕೆ ಅನರ್ಹವಾಗಿದ್ದಿತು. ತುಳುನಾಡಿನ ಅಳಿಯಸಂತಾನದಂಥ ಸಂಪ್ರದಾಯಗಳನ್ನು ಬಿಟ್ಟರೆ ಹೆಣ್ಣುಮಗುವಿಗಂತೂ ಆ ಬಾಗಿಲು ಪೂರಾ ಮುಚ್ಚಿದ್ದಿತು. 1956ರ ಅಧಿನಿಯಮವು ಹೆಣ್ಣನ್ನು ದತ್ತಕಕ್ಕೆ ಅರ್ಹಳನ್ನಾಗಿಸಿತು. ತಂದೆತಾಯಿಗಳಿಲ್ಲದ ಮಗುವನ್ನು ನ್ಯಾಯಾಲಯದ ಅಪ್ಪಣೆ ಪಡೆದು ಪೋಷಕನು ಕೊಡಬಹುದೆಂದಿತು. 1962ರ ತಿದ್ದುಪಡಿಯು ಆ ಪೋಷಕನು ಸ್ವತಃ ತಾನೇ ಅದನ್ನು ದತ್ತು ತೆಗೆದುಕೊಳ್ಳಬಹುದೆಂದು ಸ್ಪಷ್ಟಪಡಿಸಿತು. ಆದರೂ ಒಂದು ಅಡ್ಡಗೋಡೆ ಉಳಿದೇ ಉಳಿಯಿತು: ಮಗನಿರುವವನು ಮತ್ತೊಬ್ಬ ಮಗನನ್ನು, ಮಗಳಿರುವವನು ಮತ್ತೊಬ್ಬ ಮಗಳನ್ನು ಆ ಅಧಿನಿಯಮದ ಮೇರೆಗೆ ಸ್ವೀಕರಿಸಲಾರನು. ತಮ್ಮನ ಮಗನನ್ನು ಮನಸಾರೆ ಮಗನನ್ನಾಗಿಸಿಕೊಳ್ಳಬಯಸಿದ ಅಣ್ಣನಿಗೆ ಸ್ವಂತ ಮಗನೊಬ್ಬನಿದ್ದುದೇ ವಿಘ್ನವಾಗುತ್ತಿತ್ತು. ಈ ವಿಘ್ನವನ್ನೇ ಇಂದಿಗೂ ನೆಪಮಾಡಿಕೊಳ್ಳುವವರು 2015ರ ಬಾಲನ್ಯಾಯ ಅಧಿನಿಯಮವನ್ನು ಓದಿಲ್ಲವೆಂದೇ ತಿಳಿಯಬೇಕು. ಅದರ 56ನೆಯ ಕಲಮಿನ ಪ್ರಕಾರ ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಅಜ್ಜ, ಅಜ್ಜಿ ಇವರಲ್ಲಿ ಯಾರೇ ಆಗಲಿ, ಯಾವ ಮತದವರೇ ಆಗಲಿ, ಬಂಧುವಿನ ಮಗುವನ್ನು ದತ್ತು ತೆಗೆದುಕೊಳ್ಳಬಹುದು. 2021ರ ತಿದ್ದುಪಡಿಯ ತರುವಾಯ ಅದರ ಆಜ್ಞೆಯನ್ನು ಹೊರಡಿಸುವ ಅಧಿಕಾರವೂ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗವಾಗಿದೆ. ಇನ್ನೊಂದು ಅಂಶವು ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುತ್ತದೆ. ಐದು ವರ್ಷ ತುಂಬಿದ ಮಗುವಾದರೆ ಅದರ ಒಪ್ಪಿಗೆಯನ್ನೂ ಕೇಳಬೇಕೆಂದು ದತ್ತಕದ ನಿಯಮಾವಳಿಯು ವಿಧಿಸುತ್ತದೆ. ಸಮಾರಾಧನೆಯ ಪಂಕ್ತಿಯಲ್ಲಿ ಕುಳಿತು ಮಗುವನ್ನು ಹಂಚಿಕೊಂಡ ಯಾವ ಬಂಧುಮಂಡಲಿಯು ಆ ಮಗುವನ್ನೊಮ್ಮೆ, "ನಿನಗೆ ಎಲ್ಲಿರಲು ಇಷ್ಟ?" ಎಂದು ಕೇಳಿದ್ದುಂಟು?

ಸೋದರಮಾವನ ಮನೆಯ ಮಾತನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಜಾವಳದಿಂದ ಮದುವೆಯವರೆಗೆ ಮಗುವಿನ ಮಂಗಳಕಾರ್ಯಗಳಲ್ಲೆಲ್ಲ ಸೋದರಮಾವನಿಗೆ ಸ್ಥಾನವುಂಟು. ಸತ್ತ ಅಕ್ಕನ ಮಗಳನ್ನು ತಮ್ಮನು ತನ್ನ ಮನೆಗೆ ಕರೆತಂದರೆ ಊರು ಅವನನ್ನು ಕೊಂಡಾಡುತ್ತದೆ. ಆದರೆ ನಮ್ಮಲ್ಲಿ ಬಹುಜಾತಿಗಳ ರೂಢಿಯಂತೆ ಅದೇ ಸೋದರಮಾವನು ಆ ಹುಡುಗಿಗೆ ವರನೂ ಆಗಬಲ್ಲನು, ಅವನ ಮಗನೂ ಆಗಬಲ್ಲನು. 1955ರ ಹಿಂದೂ ವಿವಾಹ ಅಧಿನಿಯಮವು ನಿಷಿದ್ಧ ಸಂಬಂಧಗಳನ್ನು ಎಣಿಸುತ್ತಲೇ ರೂಢಿಗೆ ವಿನಾಯಿತಿಯನ್ನಿತ್ತಿದೆ. ಈ ಕಾರಣದಿಂದ ಆ ಮನೆಯಲ್ಲಿ ಬೆಳೆಯುವ ಹುಡುಗಿಗೆ ಮಗಳ ಸ್ಥಾನವೂ ಇಲ್ಲ, ಅತಿಥಿಯ ಸ್ಥಾನವೂ ಇಲ್ಲ. ಆಕೆ ಮುಂದೊಂದು ದಿನಕ್ಕೆಂದು ತೆಗೆದಿರಿಸಿದ ಸೊಸೆ. ಎಂಟನೆಯ ವಯಸ್ಸಿನಿಂದ ಆಕೆ ಅಡಿಗೆಮನೆಯ ಸಾಮಾನುಗಳನ್ನೂ ಅತ್ತೆಯ ಮುಖಭಾವಗಳನ್ನೂ ಕಲಿಯುತ್ತಾಳೆ. ತನ್ನ ಪಾಲಿನ ಪಾಯಸದ ಲೋಟವನ್ನು ಕೇಳದೆ ಮುಟ್ಟಬಾರದೆಂದು ಯಾರೂ ಹೇಳದೆಯೇ ಅರಿತುಕೊಳ್ಳುತ್ತಾಳೆ. ಓದು ಎಲ್ಲಿಗೆ ನಿಲ್ಲುವುದೋ ಅಲ್ಲಿಗೆ ನಿಲ್ಲಿಸುತ್ತಾಳೆ. ಹದಿನೆಂಟು ತುಂಬಿದ ಮರುತಿಂಗಳೇ ಅಜ್ಜಿಯ ಬಾಯಿಂದ ಮಾತು ಹೊರಡುತ್ತದೆ: "ಕಣ್ಣೆದುರಿಗೆ ಬೆಳೆದ ಹುಡುಗಿ, ನಮ್ಮ ಮನೆಗೇ ಆಗಲಿ." ವರದಕ್ಷಿಣೆಯ ಮಾತಿಲ್ಲ, ಹೆಣ್ಣು ನೋಡುವ ಶಾಸ್ತ್ರವಿಲ್ಲ, ಬೀಗರ ಗೋಜಿಲ್ಲ. ಹತ್ತು ವರ್ಷ ಉಂಡ ಮನೆಯಲ್ಲಿ ನಿಂತುಕೊಂಡು "ಒಲ್ಲೆ" ಎನ್ನುವುದಕ್ಕೆ ಆ ಹುಡುಗಿಗೆ ಯಾವ ನೆಲವಿದೆ? ಒಲ್ಲೆನೆಂದರೆ ಉಂಡ ಮನೆಗೆ ಎರಡು ಬಗೆದಳೆನ್ನುತ್ತಾರೆ. ಒಪ್ಪಿದರೆ, ನೋಡಿರಿ, ಮಾವನು ಕೊನೆಯವರೆಗೂ ಕೈಬಿಡಲಿಲ್ಲವೆನ್ನುತ್ತಾರೆ. ವಿಧಿವತ್ತಾದ ದತ್ತಕವೊಂದು ನಡೆದಿದ್ದರೆ ಮಾವನು ತಂದೆಯಾಗುತ್ತಿದ್ದನು, ಅವನ ಮಗನು ಅಣ್ಣನಾಗುತ್ತಿದ್ದನು, ಈ ಮಾತು ಯಾವ ಅಜ್ಜಿಯ ಬಾಯಲ್ಲಿಯೂ ಹುಟ್ಟುತ್ತಿರಲಿಲ್ಲ. ಅಕ್ಕನ ಮಗಳಿಗೆ ದತ್ತಕವೇಕೆಂದು ಕೇಳುವವರೆಲ್ಲರೂ ಈ ಲೆಕ್ಕವನ್ನಿಟ್ಟುಕೊಂಡೇ ಕೇಳುತ್ತಾರೆಂದು ನಾನು ಆರೋಪಿಸುವುದಿಲ್ಲ. ಆದರೆ ಯಾವ ಏರ್ಪಾಟು ಇಂಥ ಲೆಕ್ಕಕ್ಕೆ ಬಾಗಿಲನ್ನು ತೆರೆದಿಡುವುದೋ ಅದನ್ನು ವಾತ್ಸಲ್ಯದ ಪರಾಕಾಷ್ಠೆಯೆಂದು ಹೊಗಳುವುದನ್ನಾದರೂ ನಿಲ್ಲಿಸಬೇಕು.

ಕೃತಜ್ಞತೆಯ ಈ ವಸೂಲಿಯು ಗಂಡುಮಗುವನ್ನೂ ಬಿಡುವುದಿಲ್ಲ. ರೂಪ ಮಾತ್ರ ಬೇರೆ. ಸ್ವಂತ ಮಗನು ಪರೀಕ್ಷೆಯಲ್ಲಿ ನಪಾಸಾದರೆ ಅದು ಹುಡುಗತನ, ಸಾಕಿದ ಹುಡುಗನು ನಪಾಸಾದರೆ ಅನ್ನದ ಋಣವನ್ನು ಮರೆತುದು. ಸ್ವಂತ ಮಗನು ಬೇರೆ ಮನೆ ಮಾಡಿದರೆ ಕಾಲಧರ್ಮ, ಇವನು ಮಾಡಿದರೆ ಕೃತಘ್ನತೆ. ಮಗುವನ್ನು ಸಾಕಿದವರು ದೊಡ್ಡ ಮನಸ್ಸಿನವರೇ ಆಗಿರಬಹುದು, ಒಂದು ಬಿರುನುಡಿಯನ್ನೂ ಆಡದವರಾಗಿರಬಹುದು. ಅವರು ಆಡದಿದ್ದರೂ ಆಡಬಹುದಾದ ಸ್ಥಾನದಲ್ಲಿದ್ದಾರೆಂಬ ತಿಳಿವಳಿಕೆಯೇ ಮಗುವಿನ ಬೆನ್ನನ್ನು ಬಗ್ಗಿಸಲು ಸಾಕು. ಹಿಂದೆ ನಮ್ಮ ಪಟ್ಟಣಗಳಲ್ಲಿ ವಾರಾನ್ನ ಮಾಡಿಕೊಂಡು ಓದಿದ ಬಡ ಹುಡುಗರಿದ್ದರು. ದಿನಕ್ಕೊಂದು ಮನೆಯಲ್ಲಿ ಉಂಡ ಅವರ ಹಂಗು ಏಳು ಮನೆಗಳಲ್ಲಿ ಹಂಚಿಹೋಗುತ್ತಿದ್ದಿತು, ಯಾವ ಮನೆಯೂ ಅವರ ಬಾಳನ್ನೆಲ್ಲ ತನ್ನದೆನ್ನುವಂತಿರಲಿಲ್ಲ. ಬಂಧುವಿನ ಮನೆಯ ಹುಡುಗನಿಗೆ ಅಷ್ಟು ಸೌಲಭ್ಯವೂ ಇಲ್ಲ.

ಒಬ್ಬರು ಮಾತ್ರ ತೀರಿಕೊಂಡ ಸಂದರ್ಭವು ಇದಕ್ಕಿಂತಲೂ ಜಟಿಲ. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪನೆಂಬ ಗಾದೆಯನ್ನು ಕಟ್ಟಿದ ಜನರೇ, ಆ ತಂದೆಯು ಮರುಮದುವೆಯಾಗಿ ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಟ್ಟುಹೋದಾಗ, ಹೇಗೂ ತಂದೆಯಿದ್ದಾನಲ್ಲ ಎನ್ನುತ್ತಾರೆ. ಶಾಸನದ ಕಣ್ಣಿನಲ್ಲಿ ಸಹಜ ಪೋಷಕನು ಅವನೇ. ವರ್ಷ ವರ್ಷ ಮಗುವಿನ ಜ್ವರಕ್ಕೂ ಪುಸ್ತಕಕ್ಕೂ ಒದಗಿದ ಅಜ್ಜಿಯು ಶಾಲೆಯವರ ಪಾಲಿಗೆ ಯಾರೂ ಅಲ್ಲ. ಮಗುವು ಬೆಳೆದು ಕೈಗೆ ಬಂದ ಮೇಲೆ ತಂದೆಯು ಬಂದು ಕೈಹಿಡಿದು ಎಳೆದರೆ ಆಕೆ ಮಗುವಿನ ಹಿತವನ್ನು ಮುಂದಿಟ್ಟು ನ್ಯಾಯಾಲಯದಲ್ಲಿ ಹೋರಾಡಬೇಕಾಗುತ್ತದೆ. ಇಂಥಲ್ಲಿ ತಂದೆಯು ಬದುಕಿರುವಾಗಲೇ ಅವನ ಸಮ್ಮತಿಯನ್ನು ಬರೆಯಿಸಿಕೊಂಡು ದತ್ತಕವನ್ನೋ, ಅದಾಗದಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯ ಮೇರೆಗೆ ಪೋಷಕತ್ವವನ್ನೋ ಪಡೆಯುವುದು ಕ್ರೌರ್ಯವಲ್ಲ.

ಸತ್ತವನ ಹೆಸರು ಅಳಿಯುವುದೆಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ತಮ್ಮನ ಮಗನು ಅಣ್ಣನ ಮಗನೆನ್ನಿಸಿಕೊಂಡರೆ ತಮ್ಮನಿಗೆ ಭೂಮಿಯ ಮೇಲೆ ಉಳಿದ ಗುರುತೇನು ಎಂದು ವೃದ್ಧಮಾತೆಯೊಬ್ಬಳು ಕೇಳಿದರೆ ಅದಕ್ಕೆ ಶಾಸನವನ್ನು ಓದಿ ಹೇಳುವುದು ಉತ್ತರವಾಗದು. ದತ್ತಕವಾದ ದಿನದಿಂದ ಜನ್ಮಕುಟುಂಬದ ಸಂಬಂಧವು ಶಾಸನದ ದೃಷ್ಟಿಯಲ್ಲಿ ಕಡಿಯುತ್ತದೆಂಬುದು ಸತ್ಯವೇ. ಆದರೆ ಹಳಬರು ಈ ಸಂಕಟವನ್ನು ಕಾಣದವರಾಗಿರಲಿಲ್ಲ. ಹೆತ್ತವನಿಗೂ ಪಡೆದವನಿಗೂ ಒಟ್ಟಿಗೆ ಮಗನಾಗಿ ಉಳಿಯುವ 'ದ್ವ್ಯಾಮುಷ್ಯಾಯಣ'ನೆಂಬ ದತ್ತುಪುತ್ರನನ್ನು ಅವರು ಅಂಗೀಕರಿಸಿದ್ದರು. ಈಗಿನ ಶಾಸನದಲ್ಲಿ ಅದಕ್ಕೆ ತಾವಿಲ್ಲದಿದ್ದರೂ, ಗೋಡೆಯ ಮೇಲಿನ ಭಾವಚಿತ್ರವನ್ನು ತೆಗೆಯಿರೆಂದು ಯಾವ ಕಲಮೂ ಹೇಳುವುದಿಲ್ಲ, ತಿಥಿಯ ದಿನ ಎಳ್ಳುನೀರು ಬಿಡಬೇಡವೆಂದು ಯಾವ ಜಿಲ್ಲಾಧಿಕಾರಿಯೂ ಆಜ್ಞಾಪಿಸುವುದಿಲ್ಲ. ಸೂತನ ಮನೆಯಲ್ಲಿ ಬೆಳೆದ ಕರ್ಣನು ತಾನು ಕುಂತಿಯ ಮಗನೆಂಬುದನ್ನು ಕೃಷ್ಣನಿಂದ ತಿಳಿದ ಮೇಲೂ ರಾಧೆಯ ಮಗನಾಗಿಯೇ ಉಳಿಯುತ್ತೇನೆಂದನು. ತಿಳಿವು ಬಾಂಧವ್ಯವನ್ನು ಕೆಡಿಸಲಿಲ್ಲ, ಬಾಂಧವ್ಯವು ತಿಳಿವನ್ನು ಮುಚ್ಚಲಿಲ್ಲ. ಹೆತ್ತವರ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ನಿಷೇಧ ಹಾಕಿ, ಮಗುವಿಗೆ ಸತ್ಯವನ್ನು ಹೇಳದೆ ಬೆಳೆಸುವವರು ದತ್ತಕದ ಹೆಸರಿನಲ್ಲಿ ಬೇರೊಂದು ಅಪರಾಧವನ್ನು ಮಾಡುತ್ತಿದ್ದಾರೆ. ಅವರ ಪಕ್ಷವನ್ನು ನಾನು ವಹಿಸಿಲ್ಲ.

ದತ್ತು ತೆಗೆದುಕೊಳ್ಳುವವನಿಗೆ ಮಗುವಿನ ತಂದೆ ಬಿಟ್ಟುಹೋದ ಆಸ್ತಿಯ ಮೇಲೆ ಆಸೆಯೆಂಬ ಸಂದೇಹಕ್ಕಂತೂ ಬುಡವೇ ಇಲ್ಲ. ದತ್ತಕಕ್ಕೆ ಮೊದಲು ಮಗುವಿಗೆ ಸೇರಿದ ಸ್ವತ್ತು ದತ್ತಕಾನಂತರವೂ ಮಗುವಿನದೇ ಎಂದು 1956ರ ಅಧಿನಿಯಮದ 12ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಸಂದೇಹ ಬರಬೇಕಾದುದು ಬರಹವಿಲ್ಲದೆ ಮಗುವನ್ನೂ ಅದರ ಎರಡೆಕರೆಯನ್ನೂ ಒಟ್ಟಿಗೆ 'ನೋಡಿಕೊಳ್ಳುವ' ಬಂಧುವಿನ ಮೇಲೆ. ದತ್ತಕವನ್ನೇ ಒಪ್ಪದ ಇಸ್ಲಾಂ ಧರ್ಮವು ಈ ವಿಷಯದಲ್ಲಿ ನಮಗಿಂತ ಎಚ್ಚರವನ್ನು ತೋರಿದೆ: ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜನಾದ ಅಬ್ದುಲ್ ಮುತ್ತಲಿಬರ, ಅನಂತರ ದೊಡ್ಡಪ್ಪನಾದ ಅಬೂ ತಾಲಿಬರ ಆಶ್ರಯದಲ್ಲಿ ಬೆಳೆದ ಪ್ರವಾದಿಯವರ ಮತದಲ್ಲಿ, ಅನಾಥರ ಸೊತ್ತನ್ನು ತಮ್ಮ ಸೊತ್ತಿನೊಡನೆ ಬೆರಸಿ ಭಕ್ಷಿಸುವವರಿಗೆ ಕುರಾನಿನಲ್ಲಿ ಕಟುವಾದ ಎಚ್ಚರಿಕೆಯುಂಟು. ಬಂಧುವಿನ ಒಳ್ಳೆಯತನವನ್ನು ನೆಚ್ಚಿ ಅಲ್ಲಿ ಯಾರೂ ಸುಮ್ಮನಿರಲಿಲ್ಲ.

ಉಳಿದಿರುವುದು ಲೋಕಾನುಭವಿಗಳ ಆಕ್ಷೇಪ. ಇಷ್ಟೆಲ್ಲ ಪತ್ರ, ಹಕ್ಕು, ಪಾಲು ಎಂದು ಹೆದರಿಸಿದರೆ ಮಗುವನ್ನು ಕರೆದುಕೊಂಡು ಹೋಗುವವರೇ ಇಲ್ಲವಾದಾರು, ಇರುವ ಅರ್ಧ ರೊಟ್ಟಿಯನ್ನೂ ಕಿತ್ತುಕೊಂಡಂತಾದೀತು ಎನ್ನುತ್ತಾರವರು. ಇದರಲ್ಲಿ ಸತ್ಯಾಂಶವಿದೆ. ಬಡ ಬಂಧುವಿಗೆ ಇನ್ನೊಂದು ಹೊಟ್ಟೆಯನ್ನು ಹೊರುವುದೇ ಭಾರವಾಗಿರುವಾಗ ಪಾಲಿನ ಮಾತು ಅವನನ್ನು ಹಿಮ್ಮೆಟ್ಟಿಸಬಹುದು. ಆದರೆ ಎಲ್ಲರೂ ದತ್ತು ತೆಗೆದುಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳಲಾರದವರು ಪೋಷಕತ್ವವನ್ನಾದರೂ ಬರಹದಲ್ಲಿ ಪಡೆಯಲಿ. ಮಿಷನ್ ವಾತ್ಸಲ್ಯ ಯೋಜನೆಯಡಿಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವವುಂಟು, ಅದಕ್ಕಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಾಗಿಲು ತಟ್ಟಲಿ. ಪೋಷಕತ್ವವೂ ಬೇಡ, ಪ್ರಾಯೋಜಕತ್ವವೂ ಬೇಡ, ಬರಹವಂತೂ ಬೇಡವೇ ಬೇಡ, ಆದರೆ ಮಗು ಮಾತ್ರ ನಮ್ಮಲ್ಲಿರಲಿ ಎನ್ನುವವರ ಪ್ರೀತಿಯಲ್ಲಿ ಮಗುವಿಗಿಂತ ಹೆಚ್ಚಾಗಿ ಮತ್ತೇನೋ ಇದೆಯೆಂದು ಶಂಕಿಸುವ ಅಧಿಕಾರವನ್ನು ನನ್ನಿಂದ ಯಾರೂ ಕಸಿದುಕೊಳ್ಳಲಾರರು.

ಲೋಕಾನುಭವಿಗಳಿಗೆ ರೋಷವೇ ಬೇಕೆಂದಿದ್ದರೆ ಅದಕ್ಕೆ ತಕ್ಕ ವಿಷಯವೊಂದನ್ನು ತೋರಿಸುತ್ತೇನೆ. ತಂದೆತಾಯಿಗಳಿಬ್ಬರೂ ಹೋದ ಮನೆಯಲ್ಲಿ, ಚಿಕ್ಕಪ್ಪ ಮಾವಂದಿರು ಬಂದು ಹೋದ ಮೇಲೆ, ಗಾರ್ಮೆಂಟ್ಸ್ ಕಾರ್ಖಾನೆಯ ಸಂಬಳದಲ್ಲಿ ತಮ್ಮನನ್ನೂ ತಂಗಿಯನ್ನೂ ಓದಿಸುತ್ತಿರುವ ಅಕ್ಕಂದಿರು ಈ ನಾಡಿನ ಊರೂರಿನಲ್ಲಿಯೂ ಇದ್ದಾರೆ. ಬಾಲನ್ಯಾಯ ಅಧಿನಿಯಮವು 'ಬಂಧು' ಎಂದರೆ ಯಾರೆಂಬುದನ್ನು ಪಟ್ಟಿಮಾಡುವಾಗ ತಂದೆಯ ಕಡೆಯವರನ್ನೂ ತಾಯಿಯ ಕಡೆಯವರನ್ನೂ ಅಜ್ಜ ಅಜ್ಜಿಯರನ್ನೂ ಎಣಿಸಿ ಅಲ್ಲಿಗೇ ನಿಲ್ಲಿಸಿದೆ. ಅಕ್ಕನೂ ಅಣ್ಣನೂ ಅದರಲ್ಲಿಲ್ಲ. ಅಂಗಡಿಯಲ್ಲಿ ದುಡಿಸಿಕೊಳ್ಳುವುದಕ್ಕಾದರೆ ಅಕ್ಕ ಅಣ್ಣಂದಿರೂ ಕುಟುಂಬವೆಂದು 2016ರಲ್ಲಿ ಒಪ್ಪಿದ ಸಂಸತ್ತಿಗೆ, ಸಾಕಿಕೊಳ್ಳುವುದಕ್ಕೂ ಅವರು ಬಂಧುಗಳೆಂದು ಒಪ್ಪುವ ಎರಡು ಶಬ್ದಗಳನ್ನು ಆ ಪಟ್ಟಿಗೆ ಸೇರಿಸಲು ಒಂದು ಮಧ್ಯಾಹ್ನದ ಕಲಾಪ ಸಾಕು.